ರೇಡಿಯಂ ಸ್ಟಿಕ್ಕರ್‌ನಲ್ಲಿ ರೇಡಿಯಂ ಇದೆಯೇ? ಸುಲಿದು ಅಂಟಿಸುವ ಹಾಳೆಗಳ ಒಳಗುಟ್ಟು

ಚಿತ್ರದುರ್ಗದ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ಹಿರಿಯೂರಿನ ಹೆದ್ದಾರಿ ಬದಿಯಲ್ಲಾಗಲಿ, ಹೊಸದುರ್ಗ, ಹೊಳಲ್ಕೆರೆಯ ಪೇಟೆಯಲ್ಲಾಗಲಿ ‘ರೇಡಿಯಂ ಕಟಿಂಗ್ ಮಾಡಿಕೊಡಲಾಗುವುದು’ ಎಂಬ ಫಲಕ ಹುಡುಕಬೇಕಾಗಿಲ್ಲ, ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಬೈಕಿನ ಟ್ಯಾಂಕಿನ ಮೇಲೆ ಮಗಳ ಹೆಸರು, ಆಟೋ ಹಿಂದೆ ಮದಕರಿ ನಾಯಕ, ಲಾರಿಯ ಮುಂಗಾಜಿನ ಮೇಲೆ ಮನೆದೇವರ ಹೆಸರು, ಟ್ರ್ಯಾಕ್ಟರ್ ಟ್ರೇಲರ್‌ನ ಹಿಂದೆ ಕೆಂಪು ಪಟ್ಟಿ. ಎಲ್ಲದಕ್ಕೂ ನಮ್ಮಲ್ಲಿ ಒಂದೇ ಹೆಸರು: ರೇಡಿಯಂ.

ಹೀಗಾಗಿ ಎರಡು ಪ್ರಶ್ನೆಗಳು ಸಹಜವಾಗಿಯೇ ಹುಟ್ಟುತ್ತವೆ. ಒಂದು, ರೇಡಿಯಂ ಎಂದರೆ ವಿಕಿರಣ ಸೂಸುವ ಧಾತುವಲ್ಲವೇ, ಮಕ್ಕಳ ಕೋಣೆಯ ಗೋಡೆಗೆ ಅಂಟಿಸಿದರೆ ಅಪಾಯವಿಲ್ಲವೇ? ಎರಡು, ಟ್ರೇಲರ್‌ಗೆ ‘ರೇಡಿಯಂ’ ಅಂಟಿಸಿದ್ದೇನೆ, ಇನ್ನು ರಾತ್ರಿ ಚಿಂತೆಯಿಲ್ಲ ಅಲ್ಲವೇ? ಮೊದಲನೆಯದಕ್ಕೆ ಉತ್ತರ ಸುಲಭ: ಅದರಲ್ಲಿ ರೇಡಿಯಂ ಇಲ್ಲ, ಹೆದರಬೇಕಾಗಿಲ್ಲ. ಎರಡನೆಯದರ ವಿಷಯದಲ್ಲಿ ಮಾತ್ರ ಸ್ವಲ್ಪ ಹೆದರುವುದೇ ಒಳ್ಳೆಯದು. ಏಕೆಂದರೆ ಅಂಗಡಿಯಲ್ಲಿ ರೇಡಿಯಂ ಎಂದು ಕೇಳಿದರೆ ಸಿಗುವುದು ಒಂದೇ ವಸ್ತುವಲ್ಲ.

ಹೆಸರು ಬಂದದ್ದೆಲ್ಲಿಂದ?

ರೇಡಿಯಂ ಧಾತುವನ್ನು ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ 1898ರಲ್ಲಿ ಕಂಡುಹಿಡಿದರು. ಅದು ಸೂಸುವ ವಿಕಿರಣ ಸತುವಿನ ಸಲ್ಫೈಡ್ ಪುಡಿಗೆ ಬಡಿದರೆ ಪುಡಿ ಹಸಿರಾಗಿ ಹೊಳೆಯುತ್ತದೆ. ಬಿಸಿಲಾಗಲಿ ಬೆಳಕಾಗಲಿ ಬೇಕಿಲ್ಲ, ಕತ್ತಲಲ್ಲಿ ತಾನೇ ಹೊಳೆಯುತ್ತಿರುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಬಣ್ಣವನ್ನು ಕೈಗಡಿಯಾರಗಳ ಅಂಕಿಗಳಿಗೆ ಬಳಿಯುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಈ ಕೆಲಸ ಮಾಡುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡಿಕೊಳ್ಳುತ್ತಿದ್ದರು. ಅವರಿಗೆ ಹಾಗೆಯೇ ಹೇಳಿಕೊಡಲಾಗಿತ್ತು. ಹೊಟ್ಟೆ ಸೇರಿದ ರೇಡಿಯಂ ಕ್ಯಾಲ್ಸಿಯಂನಂತೆ ಮೂಳೆಯಲ್ಲಿ ಕೂರುತ್ತದೆ. ದವಡೆ ಕೊಳೆತು, ರಕ್ತಹೀನತೆ, ಮೂಳೆಯ ಕ್ಯಾನ್ಸರ್ ಬಂದು ಹಲವರು ಸತ್ತರು. ಬದುಕುಳಿದ ಐವರು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಾಯಿತು. ಕಾರ್ಮಿಕರ ಆರೋಗ್ಯದ ಇತಿಹಾಸದಲ್ಲಿ ಅದು ದೊಡ್ಡ ಅಧ್ಯಾಯ.

ರೇಡಿಯಂ ಬಣ್ಣ ಎಂದೋ ಮರೆಯಾಯಿತು, ಹೆಸರು ಉಳಿಯಿತು. ವನಸ್ಪತಿಗೆಲ್ಲ ಡಾಲ್ಡಾ ಎಂದಂತೆ, ಕತ್ತಲಲ್ಲಿ ಕಾಣುವುದೆಲ್ಲ ರೇಡಿಯಂ ಆಯಿತು. ಆಮೇಲೆ ಕತ್ತಲಲ್ಲಿ ಕಾಣದ ಸ್ಟಿಕ್ಕರ್ ಕೂಡ ಅದೇ ಅಂಗಡಿಯಲ್ಲಿ, ಅದೇ ಹೆಸರಿನಲ್ಲಿ ಮಾರಾಟಕ್ಕೆ ಬಂತು. ತೊಂದರೆ ಶುರುವಾದದ್ದು ಇಲ್ಲಿಂದ.

ಒಂದೇ ಹೆಸರಿನ ಮೂರು ವಸ್ತು

ಮೊದಲನೆಯದು ಬರೀ ಬಣ್ಣದ ವಿನೈಲ್ ಹಾಳೆ. ಹೆಸರು, ಚಿತ್ರ, ದೇವರ ಫೋಟೋ ಹೆಚ್ಚಾಗಿ ಇದರಲ್ಲೇ ಕತ್ತರಿಸುವುದು. ಇದು ಪಿವಿಸಿ ಪ್ಲಾಸ್ಟಿಕ್. ಹಗಲಲ್ಲಿ ಚೆನ್ನಾಗಿ ಕಾಣುತ್ತದೆ. ರಾತ್ರಿ ಇದಕ್ಕೂ ಬಣ್ಣ ಬಳಿದ ತಗಡಿಗೂ ವ್ಯತ್ಯಾಸವಿಲ್ಲ.

ಎರಡನೆಯದು ಮಕ್ಕಳ ಕೋಣೆಯ ನಕ್ಷತ್ರ, ಚಂದ್ರ, ಸ್ವಿಚ್ ಬೋರ್ಡಿನ ಹಸಿರು ಚುಕ್ಕೆ. ಇವು ಬೆಳಕನ್ನು ಹೀರಿಕೊಂಡು ಕತ್ತಲಲ್ಲಿ ನಿಧಾನವಾಗಿ ಬಿಡುತ್ತವೆ. ಹಿಂದೆ ಇದಕ್ಕೆ ತಾಮ್ರ ಬೆರೆಸಿದ ಸತುವಿನ ಸಲ್ಫೈಡ್ ಬಳಸುತ್ತಿದ್ದರು. ತೊಂಬತ್ತರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಬಂದ ಮೇಲೆ ಹೊಳಪು ಗಂಟೆಗಟ್ಟಲೆ ಉಳಿಯುತ್ತದೆ. ಇಲ್ಲಿಯ ಸ್ಟ್ರಾನ್ಷಿಯಂ ಸಾಮಾನ್ಯ ಸ್ಟ್ರಾನ್ಷಿಯಂ, ಅಣುಸ್ಫೋಟದ ಸುದ್ದಿಯಲ್ಲಿ ಕೇಳುವ ವಿಕಿರಣಶೀಲ ಬಗೆಯಲ್ಲ. ಪರೀಕ್ಷಿಸಬೇಕೆಂದರೆ ನಕ್ಷತ್ರವನ್ನು ಎರಡು ದಿನ ಮುಚ್ಚಿದ ಡಬ್ಬಿಯಲ್ಲಿಟ್ಟು ಕತ್ತಲಲ್ಲಿ ತೆಗೆದು ನೋಡಿ. ಹೊಳೆಯುವುದಿಲ್ಲ. ನಿಜವಾದ ರೇಡಿಯಂಗೆ ಬೆಳಕನ್ನು ತುಂಬಿಸಬೇಕಾಗಿಯೇ ಇಲ್ಲ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ.

ಮೂರನೆಯದು ಪ್ರತಿಫಲಕ ಟೇಪು. ಜೀವ ಉಳಿಸುವುದು ಇದು. ಇದರಲ್ಲಿ ಸ್ವಂತ ಬೆಳಕು ಇರುವುದಿಲ್ಲ. ಪಾರದರ್ಶಕ ಪದರದ ಅಡಿಯಲ್ಲಿ ಸಾವಿರಾರು ಸಣ್ಣ ಗಾಜಿನ ಮಣಿಗಳೋ, ಘನದ ಮೂಲೆಯಂಥ ಸೂಕ್ಷ್ಮ ಪಟ್ಟಕಗಳೋ ಇರುತ್ತವೆ. ಕನ್ನಡಿಗೆ ಓರೆಯಾಗಿ ಬಿದ್ದ ಬೆಳಕು ಇನ್ನೊಂದು ದಿಕ್ಕಿಗೆ ಹೋಗಿಬಿಡುತ್ತದೆ. ಆದರೆ ಈ ಮಣಿ ಮತ್ತು ಪಟ್ಟಕಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. ಹಿಂದಿನಿಂದ ಬರುವ ಲಾರಿಯ ದೀಪದ ಬೆಳಕು ಲಾರಿಯ ಕಡೆಗೇ ಮರಳುತ್ತದೆ, ದೀಪದ ಸ್ವಲ್ಪ ಮೇಲೆ ಕೂತ ಚಾಲಕನ ಕಣ್ಣಿಗೆ ಅದು ಉರಿಯುವ ದೀಪದಂತೆ ಕಾಣುತ್ತದೆ. ರಸ್ತೆ ಬದಿಯಲ್ಲಿ ನಿಂತವನಿಗೆ ಅದೇ ಟೇಪು ಮಂಕಾಗಿರುತ್ತದೆ.

ಈಗ ಲೆಕ್ಕ ಮಾಡಿ. ಗಂಟೆಗೆ 80 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಈರುಳ್ಳಿ ಚೀಲವೋ ಮೆಕ್ಕೆಜೋಳವೋ ತುಂಬಿಕೊಂಡು ಹಿಂದೀಪವಿಲ್ಲದೆ ನಿಂತಿರುವ ಟ್ರೇಲರ್ 40 ಮೀಟರ್ ದೂರದಲ್ಲಿ ಕಣ್ಣಿಗೆ ಬಿದ್ದರೆ ಚಾಲಕನಿಗೆ ಎರಡು ಸೆಕೆಂಡು ಕೂಡ ಸಿಗುವುದಿಲ್ಲ. ಬ್ರೇಕಿನ ಮೇಲೆ ಕಾಲು ಹೋಗುವಷ್ಟರಲ್ಲೇ ಒಂದು ಸೆಕೆಂಡಿನ ಮೇಲಾಗಿರುತ್ತದೆ. ಒಳ್ಳೆಯ ಪ್ರತಿಫಲಕ ಟೇಪು ನೂರಾರು ಮೀಟರ್ ಮೊದಲೇ ಕಾಣುತ್ತದೆ. ಹಗಲಿನಲ್ಲಿ ಅಂಗಡಿಯ ಮುಂದೆ ನಿಂತು ನೋಡಿದರೆ ಕೆಂಪು ವಿನೈಲ್ ಪಟ್ಟಿಯೂ ಕೆಂಪು ಪ್ರತಿಫಲಕ ಪಟ್ಟಿಯೂ ಹೆಚ್ಚುಕಮ್ಮಿ ಒಂದೇ. ಬೆಲೆಯಲ್ಲಿ ಮಾತ್ರ ವಿನೈಲ್ ಅಗ್ಗ.

ಗುರುತಿಸುವುದು ಕಷ್ಟವಲ್ಲ. ಮೊಬೈಲಿನ ಟಾರ್ಚ್ ಹಚ್ಚಿ ಅದನ್ನು ಕಿವಿಯ ಪಕ್ಕದಲ್ಲಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಹತ್ತು ಹೆಜ್ಜೆ ದೂರದಿಂದ ಟೇಪಿನ ಕಡೆ ನೋಡಿ. ಪ್ರತಿಫಲಕವಾದರೆ ಫಕ್ಕನೆ ಹೊತ್ತಿಕೊಂಡಂತೆ ಹೊಳೆಯುತ್ತದೆ. ಈಗ ಟಾರ್ಚನ್ನು ಕೈ ಚಾಚಿ ದೂರ ಹಿಡಿಯಿರಿ, ಹೊಳಪು ತಟ್ಟನೆ ಇಳಿಯುತ್ತದೆ. ವಿನೈಲ್ ಆದರೆ ಎರಡೂ ಸಲ ಒಂದೇ ರೀತಿ ಕಾಣುತ್ತದೆ. ಫ್ಲ್ಯಾಶ್ ಹಾಕಿ ಫೋಟೋ ತೆಗೆದರೂ ಗೊತ್ತಾಗುತ್ತದೆ.

ಸಾಗಣೆ ವಾಹನಗಳಿಗೆ ಕೇಂದ್ರ ಮೋಟಾರು ವಾಹನ ನಿಯಮ 104ರ ಪ್ರಕಾರ ಮುಂದೆ ಬಿಳಿ, ಹಿಂದೆ ಕೆಂಪು, ಬದಿಗಳಲ್ಲಿ ಹಳದಿ ಪ್ರತಿಫಲಕ ಟೇಪು ಇರಬೇಕು, ಅದು ಎಐಎಸ್-090 ಎಂಬ ಮಾನದಂಡಕ್ಕೆ ಹೊಂದಬೇಕು. ಎತ್ತಿನ ಗಾಡಿಗೆ ಮೋಟಾರು ವಾಹನ ಕಾನೂನು ಅನ್ವಯಿಸುವುದಿಲ್ಲ. ಆದರೆ ಹಿಂದಿನಿಂದ ಬರುವ ಲಾರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲವಲ್ಲ. ಇನ್ನೊಂದು ಮಾತು: ನಮ್ಮ ಬಯಲುಸೀಮೆಯ ಧೂಳು ಟೇಪಿನ ಮೇಲೆ ಕೂತರೆ ಬೆಳಕು ಎರಡು ಸಲ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಆ ಧೂಳನ್ನು ದಾಟಬೇಕು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಸಾಕು.

ಒಂದು ಸ್ಟಿಕ್ಕರ್, ಎಷ್ಟು ಪದರ?

ಹೊಳಪಿನ ವಿಷಯ ಬಿಟ್ಟು ಅಂಟಿನ ವಿಷಯಕ್ಕೆ ಬರೋಣ. ಸ್ಟಿಕ್ಕರ್ ಅಂಟುವುದು ಆಶ್ಚರ್ಯವಲ್ಲ. ಅಷ್ಟು ಚೆನ್ನಾಗಿ ಅಂಟುವ ವಸ್ತು ತನ್ನದೇ ಕಾಗದದಿಂದ ಅಷ್ಟು ಸುಲಭವಾಗಿ ಬಿಡಿಸಿಕೊಳ್ಳುತ್ತದಲ್ಲ, ಆಶ್ಚರ್ಯ ಅದು.

ಮೇಲಿರುವುದು ವಿನೈಲ್, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತೆಳು. ಅದರ ಕೆಳಗೆ ಅಂಟು. ಅದರ ಕೆಳಗೆ ಹಿಂಬದಿ ಕಾಗದ. ಆ ಕಾಗದದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಸಿಲಿಕೋನ್ ಲೇಪ, ದಪ್ಪ ಸುಮಾರು ಒಂದು ಮೈಕ್ರಾನ್. ಸಿಲಿಕೋನಿನ ಮೇಲ್ಮೈ ಯಾವುದನ್ನೂ ಹತ್ತಿರಕ್ಕೆ ಸೆಳೆಯುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ಹೇಗೆ ಹರಡದೆ ಮುತ್ತಾಗಿ ನಿಲ್ಲುತ್ತದೋ ಹಾಗೆ ಅಂಟು ಅದರ ಮೇಲೆ ‘ಒದ್ದೆ’ಯಾಗಿ ಹರಡಲಾರದು. ವಾಹನ ಪಾಲಿಶ್‌ಗಳಲ್ಲೂ ಹಲವು ಸಲ ಸಿಲಿಕೋನ್ ಇರುತ್ತದೆ. ಪಾಲಿಶ್ ಹೊಡೆದ ಬೈಕಿಗೆ ಸ್ಟಿಕ್ಕರ್ ಹಾಕಿಸಿದರೆ ವಾರದಲ್ಲೇ ಅಂಚು ಏಳುವುದಕ್ಕೆ ಇದೇ ಕಾರಣ. ಪ್ಲಾಸ್ಟಿಕ್ ಬಕೆಟ್ಟಿಗೆ ಸ್ಟಿಕ್ಕರ್ ಸರಿಯಾಗಿ ಕೂರದಿರುವುದಕ್ಕೂ ಇಂಥದೇ ಕಾರಣ, ಅಲ್ಲಿ ತಪ್ಪು ಪಾಲಿಥೀನ್‌ನದು.

ಅಂಗಡಿಯ ಕಟಿಂಗ್ ಯಂತ್ರದ ಬ್ಲೇಡು ವಿನೈಲನ್ನೂ ಅಂಟನ್ನೂ ಕೊಯ್ಯುತ್ತದೆ, ಹಿಂಬದಿ ಕಾಗದವನ್ನು ಮುಟ್ಟುವುದಿಲ್ಲ. ಬೇಡದ ಭಾಗವನ್ನು ಹುಡುಗ ಸೂಜಿಯಿಂದಲೋ ಚಾಕುವಿನಿಂದಲೋ ಎತ್ತಿ ತೆಗೆಯುತ್ತಾನೆ. ಈಗ ಉಳಿದ ಅಕ್ಷರಗಳನ್ನು ಸಾಲು ಕೆಡದಂತೆ ಟ್ಯಾಂಕಿಗೆ ಸಾಗಿಸಬೇಕು. ಅದಕ್ಕೆ ಅಕ್ಷರಗಳ ಮೇಲೆ ಇನ್ನೊಂದು ಟೇಪು ಒತ್ತಿ, ಅದರ ಸಮೇತ ಎಲ್ಲವನ್ನೂ ಎತ್ತಿ, ಟ್ಯಾಂಕಿಗೆ ಕೂರಿಸಿ, ಉಜ್ಜಿ, ಮೇಲಿನ ಟೇಪನ್ನು ಸುಲಿಯುತ್ತಾನೆ.

ಈ ಆಟ ನಡೆಯಬೇಕಾದರೆ ಮೂರು ಹಿಡಿತಗಳು ಏರಿಕೆಯ ಕ್ರಮದಲ್ಲಿರಬೇಕು. ಹಿಂಬದಿ ಕಾಗದದ ಹಿಡಿತ ಎಲ್ಲಕ್ಕಿಂತ ಕಡಿಮೆ, ಸಾಗಿಸುವ ಟೇಪಿನದು ಅದಕ್ಕಿಂತ ಹೆಚ್ಚು, ಗಾಡಿಯ ಮೈಯದು ಎಲ್ಲಕ್ಕಿಂತ ಹೆಚ್ಚು. ಒಂದು ಏರುಪೇರಾದರೂ ಅಕ್ಷರ ಕಾಗದದಲ್ಲೇ ಉಳಿಯುತ್ತದೆ, ಇಲ್ಲವೇ ಟೇಪಿನ ಜೊತೆ ಹಿಂದಕ್ಕೆ ಬರುತ್ತದೆ. ಗಾಡಿಯ ಮೇಲೆ ಧೂಳು, ಎಣ್ಣೆ ಇದ್ದರೆ ಹಾಗಾಗುವುದನ್ನು ನೀವೇ ನೋಡಿರಬಹುದು. ದೊಡ್ಡ ಸ್ಟಿಕ್ಕರ್‌ಗೆ ಸೋಪಿನ ನೀರು ಚಿಮುಕಿಸುವುದು ಹಿಡಿತವನ್ನು ಸ್ವಲ್ಪ ಹೊತ್ತು ತಡೆಹಿಡಿಯಲು. ಸರಿಯಾಗಿ ಕೂತ ಮೇಲೆ ನೀರನ್ನು ಒತ್ತಿ ಹೊರದೂಡುತ್ತಾರೆ.

ಮೊದಲ ಸ್ವಯಂ ಅಂಟುವ ಲೇಬಲ್‌ಗಳನ್ನು ವ್ಯಾಪಾರಕ್ಕೆ ತಂದವರು ಅಮೆರಿಕದ ಸ್ಟಾಂಟನ್ ಏವರಿ, 1935ರಲ್ಲಿ. ಚಿತ್ರವನ್ನು ಒಂದು ಹಾಳೆಯಿಂದ ಇನ್ನೊಂದು ವಸ್ತುವಿಗೆ ಸಾಗಿಸುವ ಕಲೆ ಅದಕ್ಕಿಂತ ಬಹಳ ಹಳೆಯದು, ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಪಿಂಗಾಣಿ ಪಾತ್ರೆಗಳ ಮೇಲೆ ಹೀಗೆಯೇ ಚಿತ್ರ ಮೂಡಿಸುತ್ತಿದ್ದರು.

ರೇಡಿಯಂ ಮಾತು ಬಂದಾಗಲೇ ಹೇಳಿಬಿಡಬೇಕಾದ ಒಂದು ವಿನೋದ. ರೇಡಿಯಂ ಸ್ಟಿಕ್ಕರ್‌ನಿಂದ ವಿಕಿರಣ ಬರುವುದಿಲ್ಲ ನಿಜ, ಆದರೆ ಮಾಮೂಲಿ ಪಾರದರ್ಶಕ ಟೇಪಿನಿಂದ ಬರಿಸಬಹುದು. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ವಿಜ್ಞಾನಿಗಳು ಟೇಪಿನ ಸುರುಳಿಯನ್ನು ನಿರ್ವಾತದಲ್ಲಿ ಸುಲಿದಾಗ ಎಕ್ಸ್-ಕಿರಣ ಹೊಮ್ಮಿತು, ಬೆರಳಿನ ಮೂಳೆಯ ಚಿತ್ರವನ್ನೂ ತೆಗೆದರು. ಮನೆಯಲ್ಲಿ ಸುಲಿದರೆ ಹೀಗಾಗದು. ಸುತ್ತಲಿನ ಗಾಳಿ ಎಲೆಕ್ಟ್ರಾನುಗಳನ್ನು ಆ ವೇಗಕ್ಕೆ ಏರಲು ಬಿಡುವುದಿಲ್ಲ.

ಕೆಎ-16ರ ತಟ್ಟೆಯ ಮೇಲಿನ ನೀಲಿ ಅಕ್ಷರ

ಚಿತ್ರದುರ್ಗ ಸಾರಿಗೆ ಕಚೇರಿಯ ಗುರುತು ಕೆಎ-16. ಹೊಸ ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ ಇದ್ದರೆ ಗಾಡಿಯ ಹತ್ತಿರ ಹೋಗಿ ಅಂಕಿಗಳನ್ನು ಓರೆಯಾಗಿ ನೋಡಿ. ಕಪ್ಪು ಅಂಕಿಯ ಮೈಮೇಲೆ ‘ಇಂಡಿಯಾ’ ಎಂಬ ಇಂಗ್ಲಿಷ್ ಪದ 45 ಡಿಗ್ರಿ ಓರೆಯಲ್ಲಿ ಸಾಲುಸಾಲಾಗಿ ಇರುತ್ತದೆ. ಎಡ ಮೇಲ್ಮೂಲೆಯಲ್ಲಿ ಅಶೋಕ ಚಕ್ರದ ಹೊಲೊಗ್ರಾಂ, ಅಳತೆ 20 ಮಿಮೀ × 20 ಮಿಮೀ. ಇವೆರಡೂ ಕುಂಚದಿಂದಲೋ ಶಾಯಿಯಿಂದಲೋ ಬಂದವಲ್ಲ. ಬಿಸಿ ಒತ್ತಿನಿಂದ ಹಾಳೆಯಿಂದ ಫಲಕಕ್ಕೆ ದಾಟಿಕೊಂಡವು.

ಬಿಸಿ ಒತ್ತಿನ ಹಾಳೆಯಲ್ಲಿ ಪದರಗಳ ಕ್ರಮ ತಿರುಗುಮುರುಗಾಗಿರುತ್ತದೆ. ತಳದಲ್ಲಿ ತೆಳುವಾದ, ಬಿಸಿ ತಡೆಯುವ ಪಾಲಿಯೆಸ್ಟರ್ ಹಾಳೆ. ಅದರ ಮೇಲೆ ಬಿಸಿಗೆ ಬಿಟ್ಟುಕೊಡುವ ಮೇಣದಂಥ ಪದರ. ಅದರ ಮೇಲೆ ರಕ್ಷಣೆಯ ಗಟ್ಟಿ ವಾರ್ನಿಷ್, ಆಮೇಲೆ ಬಣ್ಣ ಅಥವಾ ಲೋಹ, ಕೊನೆಗೆ ಬಿಸಿಗೆ ಮಾತ್ರ ಎಚ್ಚರಗೊಳ್ಳುವ ಅಂಟು. ಇದನ್ನು ಬೋರಲು ಹಾಕಿ ಬಿಸಿ ಅಚ್ಚಿನಿಂದ ಒತ್ತಿದರೆ ಅಂಟು ಫಲಕವನ್ನು ಹಿಡಿಯುತ್ತದೆ, ಮೇಣ ಸಡಿಲಾಗುತ್ತದೆ, ಪಾಲಿಯೆಸ್ಟರ್ ಬೇರ್ಪಡುತ್ತದೆ. ಮೊದಲು ಹಚ್ಚಿದ ವಾರ್ನಿಷ್ ಈಗ ಎಲ್ಲಕ್ಕಿಂತ ಮೇಲೆ. ಅಂದರೆ ಚಿತ್ರವೂ ಅದರ ರಕ್ಷಾಕವಚವೂ ಒಂದೇ ಏಟಿಗೆ ದಾಟಿದವು. ಅಂಗಡಿಯಲ್ಲಿ ಟಿ-ಶರ್ಟಿಗೆ ಹಾಳೆಯಿಂದ ಚಿತ್ರ ಒತ್ತುವಾಗಲೂ ಇದೇ ತರ್ಕ: ಹಾಳೆಯ ಮೇಲೆ ಮೊದಲು ಬಣ್ಣ, ಅದರ ಮೇಲೆ ಬಿಳಿ, ಕೊನೆಗೆ ಅಂಟಿನ ಪುಡಿ. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸುವುದನ್ನು ಮರೆತರೆ ಇಡೀ ತಂಡದ ಜೆರ್ಸಿ ಉಲ್ಟಾ.

ಕಾರಿನ ಮುಂಗಾಜಿನ ಒಳಗೆ ಅಂಟಿಸುವ ಮೂರನೇ ನೋಂದಣಿ ಸ್ಟಿಕ್ಕರ್ ಇನ್ನೊಂದು ಕುತೂಹಲ. ಅದನ್ನು ಕಿತ್ತು ಬೇರೆ ಗಾಡಿಗೆ ಹಾಕಲು ನೋಡಿದರೆ ಚೂರಾಗುತ್ತದೆ. ಅಲ್ಲಿ ಬೇಕೆಂದೇ ಹಿಡಿತದ ಕ್ರಮವನ್ನು ಬದಲಿಸಿರುತ್ತಾರೆ. ಗಾಜಿನ ಹಿಡಿತಕ್ಕಿಂತ ಸ್ಟಿಕ್ಕರ್‌ನ ಒಳಗಿನ ಬಂಧವೇ ದುರ್ಬಲ.

ಈ ಫಲಕದಲ್ಲಿ ಚಿಪ್ ಇದೆ, ಜಿಪಿಎಸ್ ಇದೆ, ಪೊಲೀಸರು ಕೂತಲ್ಲೇ ನಿಮ್ಮ ಗಾಡಿ ಎಲ್ಲಿದೆಯೆಂದು ನೋಡುತ್ತಾರೆ ಎಂಬ ಸಂದೇಶ ಓಡಾಡುವುದುಂಟು. ಇಲ್ಲ. ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ, ಪ್ರತಿಫಲಕ ಹಾಳೆ, ಹೊಲೊಗ್ರಾಂ, ಲೇಸರಿನಿಂದ ಕೊರೆದ ಗುರುತಿನ ಸಂಖ್ಯೆ, ಒಮ್ಮೆ ಹಾಕಿದರೆ ಮುರಿಯದೆ ತೆಗೆಯಲಾಗದ ಬೀಗ, ಇಷ್ಟೇ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಇದು ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಗಾಡಿಗಳಿಗೂ ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿತು, ಗಡುವು ಮಾತ್ರ ಹಲವು ಸಲ ಮುಂದೆ ಹೋಯಿತು.

‘ಕವರ್ ತೆಗೆಯಬೇಡ, ಹೊಸದಾಗೇ ಇರಲಿ’

ಹೊಸ ಫ್ರಿಜ್ಜು, ಸ್ಟೀಲ್ ಬೀರು, ಅಲ್ಯೂಮಿನಿಯಂ ಕಿಟಕಿ, ಬೈಕಿನ ಮೀಟರು, ಯಾವುದರ ಮೇಲೂ ಇರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ತೆಗೆಯುವುದಿಲ್ಲ. ಹಾಳೆ ಇದ್ದಷ್ಟು ದಿನ ವಸ್ತು ಹೊಸದಾಗಿರುತ್ತದೆ ಎಂಬ ನಂಬಿಕೆ. ನೆರಳಿನಲ್ಲಿರುವ ಟಿವಿಗೆ ಇದರಿಂದ ಹೆಚ್ಚೇನೂ ಆಗದು. ಬಿಸಿಲಿಗೆ ಒಡ್ಡಿಕೊಂಡ ವಸ್ತುವಿಗೆ ಮಾತ್ರ ಇದು ತಿರುಗುಬಾಣ.

ಆ ಹಾಳೆ ಕಾರ್ಖಾನೆಯಿಂದ ಮನೆಗೆ ಬರುವವರೆಗಿನ ಪ್ರಯಾಣಕ್ಕಾಗಿ ಇರುವುದು. ಸಾಮಾನ್ಯವಾಗಿ ಅದು ಪಾಲಿಥೀನ್, ಅಂಟು ಬಹಳ ಸೌಮ್ಯ. ಬಿಸಿಲಿನ ಅತಿನೇರಳೆ ಕಿರಣ ಪಾಲಿಥೀನನ್ನು ಪೆಡಸು ಮಾಡುತ್ತದೆ, ಅಂಟನ್ನು ಗಟ್ಟಿ ಮಾಡಿ ಲೋಹಕ್ಕೆ ಬೆಸೆಯುತ್ತದೆ. ಒಂದು ಬೇಸಿಗೆ ಕಳೆದರೆ ಸುಲಿಯಲು ಹೋದಾಗ ಹಾಳೆ ಅಂಗುಲ ಅಂಗುಲವಾಗಿ ಹರಿದು ಬರುತ್ತದೆ, ಅಂಟು ಅಲ್ಲೇ ಕಪ್ಪಾಗಿ ಉಳಿಯುತ್ತದೆ. ಅರ್ಧ ಎದ್ದ ಅಂಚಿನೊಳಗೆ ನೀರು, ಉಪ್ಪಿನಂಶ ನಿಂತು ಸ್ಟೀಲಿನ ಮೇಲೂ ಕಲೆ ಬೀಳಬಹುದು. ಮನೆ ಕಟ್ಟಿಸುತ್ತಿದ್ದರೆ ಕಿಟಕಿ ಚೌಕಟ್ಟಿನ ಹಾಳೆಯನ್ನು ಗಾರೆ, ಬಣ್ಣದ ಕೆಲಸ ಮುಗಿದ ಕೂಡಲೇ ತೆಗೆಸಿ, ಗೃಹಪ್ರವೇಶದವರೆಗೆ ಕಾಯಬೇಡಿ.

ವರ್ಷಗಟ್ಟಲೆ ಇರಲೆಂದೇ ಮಾಡಿದ ರಕ್ಷಣಾ ಹಾಳೆಗಳು ಬೇರೆ ಇವೆ. ಅವು ಪಾಲಿಯುರೇಥೇನ್‌ನವು, ರಬ್ಬರಿನಂತೆ ಏಟು ನುಂಗಿಕೊಳ್ಳುತ್ತವೆ. ಹೆಲಿಕಾಪ್ಟರ್ ರೆಕ್ಕೆಗಳನ್ನು ಮರಳಿನ ಹೊಡೆತದಿಂದ ಕಾಪಾಡಲು ಬಳಕೆಗೆ ಬಂದ ಈ ಹಾಳೆ ಈಗ ಕಾರಿನ ಬಣ್ಣದ ರಕ್ಷಣೆಗೂ ಬರುತ್ತದೆ. ಚಿತ್ರದುರ್ಗದ ಕೋಟೆ ಹತ್ತಿದರೆ ಜೋಗಿಮಟ್ಟಿ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುವಂತೆ ಕಾಣುತ್ತವೆ. ಆದರೆ ದೊಡ್ಡ ಗಾಳಿಯಂತ್ರದ ರೆಕ್ಕೆಯ ತುದಿ ಗಂಟೆಗೆ 250 ಕಿಲೋಮೀಟರ್ ದಾಟಿ ಓಡಬಲ್ಲದು. ಆ ವೇಗದಲ್ಲಿ ಮಳೆಹನಿಯೂ ಧೂಳಿನ ಕಣವೂ ಉಳಿಯಂತೆ ಕೆತ್ತುತ್ತವೆ. ಮುಂಚೂಣಿಯ ಅಂಚು ಒರಟಾದರೆ ವಿದ್ಯುತ್ ಉತ್ಪಾದನೆ ಕುಗ್ಗುತ್ತದೆ. ಇಂಥ ರೆಕ್ಕೆಗಳ ಅಂಚಿಗೆ ಪಾಲಿಯುರೇಥೇನ್ ಟೇಪು ಅಥವಾ ಲೇಪ ಹಾಕುವುದು ಜಗತ್ತಿನೆಲ್ಲೆಡೆ ರೂಢಿ. ರೆಕ್ಕೆ ತಯಾರಾಗುವಾಗಲೂ ಸುಲಿಯುವ ಪದರವಿದೆ: ಗಾಜಿನ ನಾರು ಮತ್ತು ರಾಳದ ಮೇಲೆ ನೈಲಾನ್ ಬಟ್ಟೆ ಹಾಸಿ ಗಟ್ಟಿಯಾದ ಮೇಲೆ ಸುಲಿದರೆ ಅಡಿಯಲ್ಲಿ ಧೂಳು ಸೋಕದ, ತುಸು ತರಿತರಿಯಾದ ಮೈ ಸಿಗುತ್ತದೆ, ಮುಂದಿನ ಅಂಟಿಗೆ ಅದೇ ಒಳ್ಳೆಯ ಹಿಡಿತ.

ಕಾರಿನ ಗಾಜಿನ ಕಪ್ಪು ಫಿಲ್ಮ್ ಇನ್ನೊಂದು ಕಥೆ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ನಂತರ ನಿಯಮ ತಿದ್ದುಪಡಿಯಾಗಿದೆ, ಆದರೂ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಬದಿಯ ಗಾಜಿನಲ್ಲಿ ಶೇ. 50 ಬೆಳಕು ಹಾಯಬೇಕು ಎಂಬ ಮಿತಿ ಹಾಗೆಯೇ ಇದೆ.

ಹಳೆಯ ಸ್ಟಿಕ್ಕರ್ ತೆಗೆಯುವುದು ಹೇಗೆ?

ಉಗುರು, ಬ್ಲೇಡು ಬೇಡ. ಈ ಅಂಟು ಅರ್ಧ ದ್ರವ, ಅರ್ಧ ಘನ. ರಭಸದಿಂದ ಎಳೆದರೆ ಘನದಂತೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಪ್ಲಾಸ್ಟಿಕ್ ಹರಿಯುತ್ತದೆ. ಅವಕಾಶ ಕೊಟ್ಟರೆ ದ್ರವದಂತೆ ಬಿಟ್ಟುಕೊಡುತ್ತದೆ. ಗಾಡಿಯನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಲ್ಲಿಸಿ, ಅಥವಾ ಕೂದಲು ಒಣಗಿಸುವ ಡ್ರೈಯರ್ ಹಿಡಿಯಿರಿ. ಒಂದು ಮೂಲೆ ಎಬ್ಬಿಸಿ, ಹಾಳೆಯನ್ನು ನೇರ ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿ, ಮೈಗೆ ಒತ್ತಿಕೊಂಡಂತೆ ನಿಧಾನವಾಗಿ ಎಳೆಯಿರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಬಟ್ಟೆಯಿಂದ ಉಜ್ಜಿ. ಹಟಮಾರಿ ಅಂಟಾದರೆ ಲೋಹದ ಮೇಲೆ ಸ್ವಲ್ಪ ಸೀಮೆಎಣ್ಣೆ ಬಳಸಬಹುದು, ಬೆಂಕಿಯಿಂದ ದೂರ. ಪೆಟ್ರೋಲ್, ಥಿನ್ನರ್ ಬೇಡ, ಅವು ಪ್ಲಾಸ್ಟಿಕ್ ಭಾಗಗಳನ್ನೂ ಬಣ್ಣವನ್ನೂ ಕೆಡಿಸುತ್ತವೆ.

ಅಲ್ಲಿ ಹೊಸ ಸ್ಟಿಕ್ಕರ್ ಹಾಕುವುದಿದ್ದರೆ ಎಣ್ಣೆಯ ಅಂಶವನ್ನು ಸೋಪಿನ ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ಟ್ರೇಲರ್‌ಗೆ ಪ್ರತಿಫಲಕ ಟೇಪು ಹಾಕುವಾಗಲೂ ಹೀಗೆಯೇ: ತುಕ್ಕು ಹಿಡಿದ ಜಾಗವನ್ನು ಉಜ್ಜಿ, ಒರೆಸಿ, ಒಣಗಿದ ಮೇಲೆ ಟೇಪನ್ನು ಬಟ್ಟೆಯಿಂದ ಬಲವಾಗಿ ಒತ್ತಿ. ಪೂರ್ಣ ಹಿಡಿತ ಬರಲು ಒಂದು ದಿನ ಬೇಕು, ಅಷ್ಟರವರೆಗೆ ನೀರು ಹಾಕಿ ತೊಳೆಯಬೇಡಿ.